ಹಡಗಿನ ಮಸಾಲೆ

"ಜೋಳ ಚೆನ್ನಾಗೈತಾ ಮುತ್ತರಾಯಣ್ಣ?" ಎಂದು ಆ ಹೆಂಗಸು ಕೇಳಿದ್ದು, ಅಷ್ಟೇ. ರಾಯಕೋಟೆಯ ರೇಷನ್ ಡಿಪೋದಲ್ಲಿ ತಕ್ಕಡಿ ಹಿಡಿದು ನಿಂತವನನ್ನು ದಿನಕ್ಕೆ ಇಪ್ಪತ್ತು ಸಲವಾದರೂ ಯಾರಾದರೂ ಕೇಳುವ ಮಾತು. ಆದರೂ ಮುತ್ತರಾಯಪ್ಪನ ಕೈ ನಡುವೆಯೇ ನಿಂತುಬಿಟ್ಟಿತು. ಮೂಟೆಯಿಂದ ಒಂದು ಬೊಗಸೆ ಎತ್ತಿ ಅವಳ ಮುಖದ ಮುಂದೆ ಹಿಡಿದ. "ನೀನೇ ಮೂಸಿ ನೋಡ್ಕೊಳಮ್ಮ. ನಂಗೆ ವಾಸ್ನೆ ಗೊತ್ತಾಗಲ್ಲ, ಗೊತ್ತಲ್ಲ ನಿಂಗೆ." ಅವಳಿಗೇನು, ಊರಿಗೆಲ್ಲ ಗೊತ್ತಿತ್ತು. ಹಡಗಿನಲ್ಲಿ ಹತ್ತು ವರ್ಷ ಉಪ್ಪುಗಾಳಿ ಕುಡಿದು ಮುತ್ತರಾಯಪ್ಪನ ಮೂಗು ಸತ್ತುಹೋಗಿದೆ ಎಂಬ ಮಾತನ್ನು ಊರಿಗೆ ಬಂದ ಹೊಸದರಲ್ಲಿ ಅವನೇ ಹಬ್ಬಿಸಿದ್ದ. ಶುದ್ಧ ಸುಳ್ಳು. ಜೋಳ ಮುಗ್ಗಲು ಹಿಡಿದಿರುವುದು ಮೂಟೆ ಬಿಚ್ಚುವ ಮೊದಲೇ ಅವನಿಗೆ ಗೊತ್ತಾಗಿತ್ತು. ಅಮೆರಿಕದಿಂದ ಬಂದದ್ದು, ಹಡಗಿನ ಹೊಟ್ಟೆಯಲ್ಲಿ ಕಬ್ಬಿಣದ ಗೋಡೆಗೆ ಒತ್ತಿಕೊಂಡು ಕೂತು, ಬೆವತು, ಒಣಗಿ, ಮತ್ತೆ ಬೆವತ ಮೂಟೆ ಮಾತ್ರ ಹೀಗೆ ನಾರುತ್ತದೆ ಎಂಬುದೂ ಗೊತ್ತಿತ್ತು. ಹೆಂಗಸು ಮೂಸಿ, ಮುಖ ಸಿಂಡರಿಸಿ, "ಏನೋ ಬುಡು, ರೊಟ್ಟಿ ತಟ್ಟಿದ್ರೆ ಹೋಯ್ತದೆ" ಎಂದು ಸೆರಗು ಒಡ್ಡಿದಳು. ಅವನು ಅಳೆದು ಸುರಿದ. ಸುರಿಯುವಾಗ ಅವಳ ಮುಖ ನೋಡಲಿಲ್ಲ.

ಅವಳು ಹೋದ ಮೇಲೂ ಆ ಮಾತು ಹೋಗಲಿಲ್ಲ. ಮಧ್ಯಾಹ್ನಕ್ಕೆ ಮುಂಚೆಯೇ ರಜೆ ಹೇಳಿ ಹೊರಡಬೇಕಿತ್ತು. ಉದ್ದನಪಲ್ಲಿಯಿಂದ ಕದಿರಪ್ಪ ಮೂರನೆಯ ಸಲ ಹೇಳಿಕಳಿಸಿದ್ದ: ಬಂದು ಒಂದು ಹೊತ್ತು ಉಂಡು ಹೋಗಬೇಕು, ಮಾತಾಡುವುದಿದೆ. ಎರಡು ಸಲ ಜ್ವರವೆಂದು, ಡಿಪೋದಲ್ಲಿ ಕೆಲಸವೆಂದು ತಪ್ಪಿಸಿಕೊಂಡಿದ್ದ. ಈ ಸಲ ಹೆಂಡತಿ ಆದಿಲಕ್ಷ್ಮಮ್ಮನೇ ಬಾಗಿಲಿಗೆ ಅಡ್ಡ ನಿಂತಳು. "ಏಳು ವರ್ಸದಿಂದ ಕದಿರಪ್ಪನ ಅವ್ವ, ಆ ಮುದುಕಿ, ಒಂದ್ ಕಾರ್ತೀಕನೂ ಬುಡ್ದಂಗೆ ಅವರೆಕಾಯಿ ಕಳಿಸ್ತಾವ್ಳೆ. ಮೊಮ್ಮಗಳನ್ನ ಕಡಲು ದಾಟಿಸಿ ತಂದುಕೊಟ್ಟ ಪುಣ್ಯಾತ್ಮ ಅಂತ ನಿನ್ನ ಹೆಸ್ರು ಹೇಳಿ ದೀಪ ಹಚ್ತಾಳಂತೆ. ನೀನು ಒಂದ್ ದಿನಾನೂ ಆ ಕಡೆ ತಲೆ ಆಕ್ಲಿಲ್ಲ. ಇದೇನು ನಿಂದು ಜಂಬ?" ಜಂಬವೆಂದೇ ಅವಳು ತಿಳಿದಿರಲಿ ಎಂದು ಅವನು ಹೊರಡಲು ಒಪ್ಪಿದ. ಆ ಅವರೆಕಾಯಿ ಮನೆಗೆ ಬಂದ ದಿನ ಅವನಿಗೆ ಹೊಟ್ಟೆನೋವು ಬರುತ್ತಿತ್ತು. ಹೆಂಡತಿ ಮಾಡಿದ ಹಿತಕಿದಬೇಳೆ ಸಾರನ್ನು ಪಕ್ಕದ ಮನೆಯವರು ಹೊಗಳಿಕೊಂಡು ಉಣ್ಣುತ್ತಿದ್ದರು.

ಇದ್ದಿಲು ಗ್ಯಾಸಿನ ಬಸ್ಸು ಏದುಸಿರು ಬಿಡುತ್ತ ಬಂತು. "ಹತ್ಲಾ, ಬಿರ್ನೆ ಹತ್ತು" ಎಂದು ಕಂಡಕ್ಟರು ಯಾರನ್ನೋ ಗದರಿಸಿದ್ದಕ್ಕೆ ಇವನೇ ಬೆಚ್ಚಿ ಹತ್ತಿದ. ಕಿಟಕಿಯಾಚೆ ಕೋಟೆಯ ಬೆಟ್ಟ ಹಿಂದಕ್ಕೆ ಸರಿಯಿತು. ಅದರ ಬುಡದಲ್ಲಿ ಮೊದಲು ಚಿಕ್ಕ ರೈಲಿನ ಹಳಿಗಳಿದ್ದವು. ಯುದ್ಧಕ್ಕೆಂದು ಕಿತ್ತುಕೊಂಡು ಹೋದ ಮೇಲೆ ಆ ಜಾಗದಲ್ಲಿ ಹಸಿರು ಕೂಡ ಸರಿಯಾಗಿ ಹುಟ್ಟಿರಲಿಲ್ಲ. ಆ ರೈಲಿನಲ್ಲೇ ಅವನು ಆ ಮಗುವನ್ನು ಕರೆತಂದದ್ದು. ನಾಲ್ಕೂವರೆ ವರ್ಷದ್ದು. ಮದ್ರಾಸಿನಿಂದ ಮೊರಪ್ಪೂರಿಗೆ, ಮೊರಪ್ಪೂರಿನಿಂದ ಇಲ್ಲಿಗೆ, ದಾರಿಯುದ್ದಕ್ಕೂ ಅಳಲಿಲ್ಲ. ಬನ್ನು ಕೊಂಡುಕೊಟ್ಟರೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಅವನ ಬಾಯಿಯ ಹತ್ತಿರ ತಂದು, "ಮೊದ್ಲು ನೀನು ತಿನ್ನು" ಎಂದಿತ್ತು. ಅವನು ಕಚ್ಚಿ, ಅಗಿದು, ನುಂಗಿ, ಬಾಯಿ ತೆರೆದು ತೋರಿಸಿದ ಮೇಲೆಯೇ ತಿಂದದ್ದು. ಎದುರು ಕೂತ ಪ್ರಯಾಣಿಕರು ನಕ್ಕಿದ್ದರು, ಎಷ್ಟು ಪ್ರೀತಿ ಮಗುವಿಗೆ ಎಂದು.

ಹಡಗಿನಲ್ಲಿ ಅವನ ಕೆಲಸ ಮೂಗಿನದು. ಉಗ್ರಾಣದವನು ಎಂದು ಹೆಸರು, ಆದರೆ ಊಟ ಉಪಚಾರದ ಮೇಲಾಳು ಬಟ್ಲರನಿಂದ ಹಿಡಿದು ಅಡಿಗೆಯವರ ತನಕ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಮೂಗು ಎಂದೇ. ಮದ್ರಾಸಿನಲ್ಲೋ ಪಿನಾಂಗಿನಲ್ಲೋ ಬುಟ್ಟಿ ಬುಟ್ಟಿ ಏರಿದ ಕೋಸು, ಬೀನ್ಸು, ಹಣ್ಣು, ಮೊಟ್ಟೆ, ಐಸ್ ಕೋಣೆಯಲ್ಲಿ ಕೊಕ್ಕೆಗೆ ತೂಗಿದ ಮಾಂಸ, ಇವನ್ನೆಲ್ಲ ಪ್ರತಿ ಬೆಳಿಗ್ಗೆ ಮೂಸಿ ಅವನು ಮೂರು ಗುಡ್ಡೆ ಮಾಡಬೇಕು: ಮೇಲಿನವರಿಗೆ, ಕೆಳಗಿನವರಿಗೆ, ಕಡಲಿಗೆ. ಮೇಲಿನವರೆಂದರೆ ಬಿಳಿ ಬಟ್ಟೆ ಹಾಸಿದ ಮೇಜಿನಲ್ಲಿ, ಅಚ್ಚು ಹಾಕಿದ ಊಟದ ಪಟ್ಟಿ ನೋಡಿ ಉಣ್ಣುವ ದೊರೆಗಳು, ದೊರೆಸಾನಿಯರು. ಐದನೆಯ ದಿನವೂ ಅವರಿಗೆ ಸೊಪ್ಪು ಈಗ ತಾನೇ ಹಿತ್ತಲಿನಿಂದ ಕಿತ್ತು ತಂದಂತೆ ಗರಿಗರಿಯಾಗಿರಬೇಕು. ಕೋಸಿನ ಹೊರಗಿನ ಬಾಡಿದ ಎಲೆ ಸುಲಿದು ಕೆಳಗಿನವರಿಗೆ, ಎಳೆಯ ತಿರುಳು ಮೇಲಿನವರಿಗೆ. ಕೆಳಗಿನವರು ಡೆಕ್ಕಿನ ಮೇಲೆ ಚಾಪೆ ಹಾಸಿಕೊಂಡು ಬಿದ್ದಿರುವ ಸಾವಿರ ಜನ. ರಬ್ಬರು ತೋಟದಿಂದ ಊರಿಗೆ ಹಿಂದಿರುಗುವವರು. ಮಧ್ಯಾಹ್ನ ಸೀಟಿ ಊದಿದರೆ ತಗಡಿನ ತಟ್ಟೆ ಹಿಡಿದು ಸಾಲು ನಿಲ್ಲುವರು. ಅದರಲ್ಲಿ ಏನೂ ತಪ್ಪು ಅವನಿಗೆ ಆಗ ಕಂಡಿರಲಿಲ್ಲ. ಕೆಳಗಿನವರದೂ ತಿನ್ನುವಂಥದೇ ಆಗಿರುತ್ತಿತ್ತು. ಕಡಲಿನದು ಬೇರೆಯೇ ಗುಡ್ಡೆ. ಆ ಗೆರೆಯನ್ನು ಅವನು ಒಂದು ದಿನವೂ ದಾಟಿರಲಿಲ್ಲ. ಅದೇ ಅವನ ಹೆಮ್ಮೆಯಾಗಿತ್ತು ಎಂದು ಈಗ ನೆನೆದರೆ ಬಸ್ಸಿನ ಸೀಟಿನಲ್ಲಿ ಮೈ ಮುದುರಿಕೊಳ್ಳುತ್ತದೆ.

ಅಂಜಮ್ಮ ಆ ಸಾಲಿನಲ್ಲಿ ಸಿಕ್ಕಿದವಳು. ಹರಿದ ಮೂಟೆಯೊಂದನ್ನು ಎತ್ತುತ್ತ ಅವನು ಕನ್ನಡದಲ್ಲಿ ಬೈದದ್ದು ಕೇಳಿ ಹಿಂದಿನಿಂದ ಯಾರೋ ನಕ್ಕಿದ್ದರು. "ನೀವು ನಮ್ಮ ಕಡೆಯೋರಾ? ಎಲ್ಲಿ? ರಾಯ್ಕೋಟೆನಾ? ಅಯ್ಯೋ, ನಾವು ಉದ್ದನ್ಪಲ್ಲಿ!" ಕೂಸನ್ನು ಸೊಂಟದಿಂದ ಇಳಿಸಿ, ಅವನು ಊರಿನಿಂದ ಈಗಷ್ಟೇ ಬಂದವನೇನೋ ಎಂಬಂತೆ ಮಳೆ ಹೇಗೆ, ರಾಗಿ ಹೇಗೆ ಎಂದು ಕೇಳಿದ್ದಳು. ಗಂಡ ಕದಿರಪ್ಪ ತೋಟದಲ್ಲೇ ಉಳಿದಿದ್ದಾನೆ, ಮಗುವನ್ನು ಅತ್ತೆಗೆ ತೋರಿಸಿ ಅಲ್ಲೇ ಇರಲು ಹೋಗುತ್ತಿದ್ದೇನೆ ಎಂದಿದ್ದಳು. ಆಮೇಲೆ ದಿನವೂ ಬಡಿಸುವ ಜಾಗಕ್ಕೆ ಬಂದು, ತಟ್ಟೆ ಒಡ್ಡುವ ಮೊದಲು, "ಏನಣ್ಣಾ, ಇವತ್ತು ತಿನ್ಬೋದಾ?" ಎಂದು ಕಣ್ಣರಳಿಸಿ ಕೇಳುವಳು. ಅದೊಂದು ತಮಾಷೆ ಅವರಿಬ್ಬರ ನಡುವೆ. ಅವನು ಗತ್ತಿನಿಂದ ಮೂಗು ಮುಟ್ಟಿಕೊಂಡು, "ನಾನು ಮೂಸಿ ಬುಟ್ಟಿದ್ದು ಅಂದ್ರೆ ತಿನ್ಬೋದು" ಎನ್ನುವನು. ಹಾಗೆ ತನ್ನನ್ನು ಒಬ್ಬಳು ಕೇಳುತ್ತಾಳೆ ಎಂಬುದೇ ಅವನಿಗೆ ಖುಷಿ.

ನಾಲ್ಕನೆಯ ದಿನ ಐಸ್ ಯಂತ್ರ ಕೆಟ್ಟಿತು. ಒಂದು ಹಗಲು ಒಂದು ಇರುಳು ಕೆಟ್ಟೇ ಇತ್ತು. ಮರುದಿನ ಬಾಗಿಲು ತೆಗೆದಾಗ ಒಳಗಿನ ಗಾಳಿ ಬೆಚ್ಚಗೆ ಅವನ ಮುಖಕ್ಕೆ ಬಂತು. ಮಾಂಸದ ಮೈಯಲ್ಲಿ ಅಂಟು. ಅವನು ಅಷ್ಟನ್ನೂ ಕಡಲಿನ ಗುಡ್ಡೆಗೆ ತಳ್ಳಿದ. ಬಟ್ಲರು ಬಂದು ನೋಡಿದ, ಮದ್ರಾಸಿನವನು, ಮೆತ್ತಗೆ ಮಾತಾಡುವ ಮನುಷ್ಯ. ಬೇಳೆ ಮೂಟೆಗೆ ನೀರು ನುಗ್ಗಿದೆ, ಸಾವಿರ ಜನಕ್ಕೆ ಬರೀ ಅನ್ನ ಇಟ್ಟರೆ ಗಲಾಟೆಯಾಗಿ ಕಪ್ತಾನನ ತನಕ ಹೋಗುತ್ತದೆ ಎಂದ. ಇದನ್ನೇ ಕೆಳಗಿನವರ ಸಾರಿಗೆ ಹಾಕಿ, ಹುಳಿ, ಕಾರ ಎರಡೂ ಮುಂದಾಗಿ ಬೀಳಲಿ, ಚೆನ್ನಾಗಿ ಕುದಿಯಲಿ, ಎಂದ. ಆಮೇಲೆ ಅವನ ಭುಜದ ಮೇಲೆ ಕೈಯಿಟ್ಟು, ಮುಂದಿನ ಸಲ ಮೇಲಿನ ಊಟದ ಮನೆಗೆ ಒಬ್ಬ ಆಳು ಬೇಕು, ಬಿಳಿ ಕೋಟು, ಹಿತ್ತಾಳೆ ಗುಂಡಿ, ನಿನ್ನನ್ನೇ ನೆನೆಸಿದ್ದೇನೆ, ಎಂದ. ಬೆದರಿಸಲಿಲ್ಲ. ಬೆದರಿಸಿದ್ದರೆ ಎಂದು ಮುತ್ತರಾಯಪ್ಪ ಏಳು ವರ್ಷದಿಂದ ಯೋಚಿಸುತ್ತಿದ್ದಾನೆ. ಒಂದು ಬೈಗುಳ, ಒಂದು ಏಟು ಬಿದ್ದಿದ್ದರೆ ಈಗ ಹಿಡಿದುಕೊಳ್ಳುವುದಕ್ಕೆ ಏನಾದರೂ ಇರುತ್ತಿತ್ತು.

ಸೀಟಿ ಊದಿತು. ಸಾಲಿನಲ್ಲಿ ಅಂಜಮ್ಮ ಬಂದಳು. ತಟ್ಟೆಗೆ ಸಾರು ಬಿದ್ದ ಕೂಡಲೇ ಅವಳ ಮುಖ ಸ್ವಲ್ಪ ಹಿಂದೆ ಸರಿಯಿತು. ಆ ದಿನ ಅವಳು ತಮಾಷೆಗೆ ಕೇಳಲಿಲ್ಲ. "ಅಣ್ಣಾ, ಇದ್ಯಾಕೋ ಒಂಥರಾ ವಾಸ್ನೆ ಬತ್ತೈತೆ. ತಿನ್ಬೋದಾ?" ಬಟ್ಲರು ಎರಡು ಮಾರು ಆಚೆ, ಕಂಬಿಗೆ ಒರಗಿ ಕಡಲು ನೋಡುತ್ತಿದ್ದ. ಕೇಳಿಸಿಕೊಳ್ಳುತ್ತಿದ್ದನೋ ಇಲ್ಲವೋ. ಅವನಿಗೆ ಕನ್ನಡವಂತೂ ಬರುತ್ತಿರಲಿಲ್ಲ. ತಿನ್ನಬೇಡ ತಾಯಿ ಎಂದು ಮೆಲ್ಲಗೆ ಹೇಳಿದ್ದರೆ ಆ ಡೆಕ್ಕಿನ ಮೇಲೆ ಅವಳ ಹೊರತು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. "ತಿನ್ನಮ್ಮ, ಏನೂ ಆಗಲ್ಲ," ಎಂದಿದ್ದ ಮುತ್ತರಾಯಪ್ಪ. "ಅದು ಹಡಗಿನ ಮಸಾಲೆ ವಾಸ್ನೆ." ಅವಳು ಒಪ್ಪಿಕೊಂಡು ಹೋಗಿ ಚಾಪೆಯ ಮೇಲೆ ಕೂತಳು. ಮಗು ಬಾಯಿ ಬಿಗಿದು ತಲೆ ಅಲ್ಲಾಡಿಸುವುದು ಅಲ್ಲಿಂದಲೇ ಕಾಣುತ್ತಿತ್ತು. "ಮಾವನೇ ಹೇಳ್ತಾವ್ನೆ, ತಿನ್ನೇ, ಹಡಗಿನ ಮಸಾಲೆ ಅಂತೆ." ಮಗು ತಿನ್ನಲಿಲ್ಲ. ಅನ್ನ ಚೆಲ್ಲಬಾರದೆಂದು ಅಂಜಮ್ಮ ಅದರ ಪಾಲನ್ನೂ ತನ್ನ ತಟ್ಟೆಗೆ ಬಳಿದುಕೊಂಡಳು. ಹನ್ನೊಂದು ಜನ ಮಲಗಿದರು. ಹತ್ತು ಜನ ಎದ್ದರು. ಡಾಕ್ಟರು ವಾಂತಿಭೇದಿ ಎಂದು ಬರೆದ. ಅಂಜಮ್ಮನನ್ನು ಕ್ಯಾನ್ವಾಸಿನಲ್ಲಿ ಹೊಲಿದು, ಕಾಲ ಬಳಿ ಕಬ್ಬಿಣ ಕಟ್ಟಿ, ಹಲಗೆ ಓರೆ ಮಾಡಿ ಕಡಲಿಗೆ ಜಾರಿಸಿದರು. ಮುಂದಿನ ಸಲ ಅವನಿಗೆ ಬಿಳಿ ಕೋಟು ಸಿಕ್ಕಿತು. ನಾಲ್ಕು ಸಲ ಹೋಗಿಬಂದ, ಕೋಟು ಹಾಕಿಕೊಂಡೇ. ಹಡಗನ್ನು ಸೈನ್ಯದವರು ತೆಗೆದುಕೊಂಡದ್ದರಿಂದ ಕೆಲಸ ಹೋಯಿತೇ ಹೊರತು ಅವನಾಗಿ ಬಿಟ್ಟದ್ದಲ್ಲ.

ಉದ್ದನಪಲ್ಲಿಯಲ್ಲಿ ಬಸ್ಸು ನಿಲ್ಲುವ ಹುಣಸೆಮರದ ಎದುರಿಗೇ ಕದಿರಪ್ಪನ ಮನೆ. ಹಂಚಿನ ಮಾಡು, ಸಾರಿಸಿದ ಜಗಲಿ. ಕದಿರಪ್ಪ ಎದ್ದು ಬಂದು ಎರಡೂ ಕೈ ಹಿಡಿದುಕೊಂಡ. ನಲವತ್ತೂ ಆಗಿರಲಾರದ ಮನುಷ್ಯ, ಮುದುಕನ ಹಾಗೆ ಬಾಗಿದ್ದ. ಮೊಣಕಾಲಿನ ಕೆಳಗೆ ವಾಸಿಯಾದ ಹುಣ್ಣುಗಳ ಗುಳಿಗಳು. ಜಪಾನಿನವರು ಸಯಾಮಿಗೆ ರೈಲು ಹಾಕಲು ಹಿಡಿದುಕೊಂಡು ಹೋದವರಲ್ಲಿ ಇವನೂ ಒಬ್ಬ. ಬದುಕಿ ಬಂದು ಎಂಟು ತಿಂಗಳಾಗಿತ್ತು. ಅವನ ತಾಯಿ ನರಸಮ್ಮ ಒಳಗಿನಿಂದ ಬಂದವಳೇ ಮುತ್ತರಾಯಪ್ಪನ ಕಾಲು ಮುಟ್ಟಲು ಬಗ್ಗಿದಳು. ಅವನು ಹಿಂದಕ್ಕೆ ನೆಗೆದ. ನೆಗೆದ ರಭಸಕ್ಕೆ ಜಗಲಿಯ ಅಂಚು ತಾಗಿ ಬೀಳುವುದರಲ್ಲಿದ್ದ. "ದೊಡ್ಡೋರು ನೀವು, ಬ್ಯಾಡಿ, ಬ್ಯಾಡಿ" ಎನ್ನುವಾಗ ಅವನ ದನಿ ಹೆಂಗಸಿನ ದನಿಯಂತೆ ಕೀರಲಾಯಿತು. ತಾಯಿ ಮಗ ಇಬ್ಬರೂ ನಕ್ಕರು, ಎಂಥ ವಿನಯ ಎಂದು.

ಊಟಕ್ಕೆ ಕೂರಿಸಿದರು. ಮುದ್ದೆ, ಮಾಂಸದ ಸಾರು. "ಬೆಳಿಗ್ಗೆ ಕಡಿದಿದ್ದು ಕಣಪ್ಪ, ಒಂದ್ ಜಾವ ಕೂಡ ಆಗಿಲ್ಲ. ನಿಂಗೆ ಮೂಗು ಹೋಗೈತಂತೆ ಪಾಪ, ನಾಲಿಗೆಗಾದ್ರೂ ತಿಳೀಲಿ" ಎಂದಳು ನರಸಮ್ಮ. ಅವನಿಗೆ ತಿಳಿಯುತ್ತಿತ್ತು. ಹಸಿ ಕೊತ್ತಂಬರಿ, ಆಗಷ್ಟೇ ಅರೆದ ತೆಂಗು, ಯಾವ ಮರೆಮಾಚುವ ಹುಳಿಯೂ ಇಲ್ಲದ ಎಳೆ ಮಾಂಸ. ಇಷ್ಟು ಶುದ್ಧವಾದ ಊಟವನ್ನು ಅವನು ಎಷ್ಟೋ ವರ್ಷದಿಂದ ಮೂಸಿರಲಿಲ್ಲ. ಹನ್ನೊಂದು ಹನ್ನೆರಡರ ಹುಡುಗಿಯೊಬ್ಬಳು ನೀರಿನ ಚೊಂಬು ತಂದಳು. ಅಂಜಮ್ಮನದೇ ಹುಬ್ಬು. ಅವನು ತಲೆಯೆತ್ತಿದ್ದೇ ತಡ, ನರಸಮ್ಮ, "ಏಯ್ ವರಲಕ್ಷ್ಮೀ, ನೀನ್ಯಾಕೆ ತಂದೆ? ಬಂದೋರ ಎಲೆ ಹತ್ರ ಬರಬ್ಯಾಡ ಅಂತ ಹೇಳಿಲ್ವಾ" ಎಂದು ಚೊಂಬು ಕಸಿದುಕೊಂಡಳು. ಹುಡುಗಿ ಹಿತ್ತಲಿಗೆ ಹೋದಳು. ಅದು ದಿನದ ಮಾತೆಂಬುದು ಅವಳು ಹೋದ ರೀತಿಯಲ್ಲೇ ತಿಳಿಯುತ್ತಿತ್ತು. "ಅವ್ವನ್ನ ತಿಂದ್ಕೊಂಡ ಕೈ ಕಣಪ್ಪ ಅದು," ಎಂದಳು ಮುದುಕಿ, ಸಾರು ಬಡಿಸುತ್ತ, ಸಹಜವಾಗಿ.

ಅವನ ಕೈ ಎಲೆಯ ಮೇಲೆ ನಿಂತಿತು. "ಏನಂದ್ರಿ?"

"ನಿಂಗೆ ಗೊತ್ತಿರ್ಬೇಕಲ್ಲ. ನೀನು ಬುಟ್ಟು ಹೋದ ವಾರಕ್ಕೆ ತಾನೇ ಬಾಯ್ಬುಟ್ಟು ಹೇಳ್ತು. ಹಠ ಮಾಡಿ ತಿನ್ಲಿಲ್ವಂತೆ. ಇವ್ಳ ಪಾಲೂ ಅವ್ವನೇ ತಿಂದ್ಲಂತೆ. ಅದೇ ಜಾಸ್ತಿಯಾಗಿ ಹೊಟ್ಟೆ ಕೆಟ್ಟಿದ್ದು. ಇದು ತನ್ನ ಪಾಲು ತಾನು ತಿಂದಿದ್ರೆ ನನ್ ಸೊಸೆ ಬಂದು ಈ ಒಲೆ ಮುಂದೆ ಕೂತಿರೋಳು."

ಕದಿರಪ್ಪ ತಾಯಿಯನ್ನು ಸುಮ್ಮನಿರಿಸಿದ. ಆಮೇಲೆ ಮುದ್ದೆಯನ್ನು ನೋಡುತ್ತ, ನಿಧಾನವಾಗಿ ಹೇಳಿದ: "ಅದಕ್ಕೇ ಕರೆಸಿದ್ದು ಮುತ್ತರಾಯಣ್ಣ. ಸಯಾಮಿನಲ್ಲಿ ಹುಳ ಬಿದ್ದ ಅನ್ನ ತಿಂದು ಬದುಕ್ದೆ ನಾನು. ದಿನಾ ಅಂದ್ಕೊಳ್ತಿದ್ದೆ, ಮಗು ಐತೆ, ಊರಿಗೋಗಿ ಮಗು ಮುಖ ನೋಡ್ಬೇಕು ಅಂತ. ಬಂದೆ. ಈಗ ನೋಡಕ್ಕಾಗ್ತಿಲ್ಲ. ಅವ್ವ ದಿನಾ ಹೇಳ್ತಾಳೆ. ಹೊಸೂರಲ್ಲಿ ಒಂದು ಮನೇಲಿ ಕೆಲಸಕ್ಕೆ ಹುಡುಗಿ ಬೇಕಂತೆ, ಕಳಿಸ್ಬುಡಾನ ಅಂತಾಳೆ. ನೀನು ಕಣ್ಣಾರೆ ಕಂಡೋನು. ಹೇಳು. ನಿಜವಾಗ್ಲೂ ಇದ್ರಿಂದ್ಲೇನಾ?"

ಏಳು ವರ್ಷ ಅವನು ಈ ಪ್ರಶ್ನೆಗೆ ಹೆದರಿದ್ದ. ಆದರೆ ಅವನು ಹೆದರಿದ್ದ ಪ್ರಶ್ನೆ ಇದಲ್ಲ. ನಿನ್ನಿಂದಲೇನಾ ಎಂದು ಕೇಳಿಯಾರು ಎಂದು ಹೆದರಿದ್ದ. ತನ್ನ ಜಾಗದಲ್ಲಿ ಇನ್ನೊಬ್ಬರು ಇಷ್ಟು ವರ್ಷ ನಿಂತಿದ್ದಾರೆಂದು, ಅದೂ ಆ ಮಗು ನಿಂತಿದೆಯೆಂದು ಅವನಿಗೆ ಹೊಳೆದೇ ಇರಲಿಲ್ಲ. "ಹಣೇಲಿ ಬರ್ದಿದ್ದು ಕಣಪ್ಪ, ಯಾರ್ ಏನ್ ಮಾಡಾಕಾಯ್ತದೆ" ಎಂದ. ತನ್ನ ಬಾಯಿಂದಲೇ ಬಂತೇ ಎಂದು ಅಚ್ಚರಿಯಾಗುವಷ್ಟು ಸಲೀಸಾಗಿ ಬಂತು. ಕದಿರಪ್ಪ ನಿಟ್ಟುಸಿರು ಬಿಟ್ಟು ತಲೆಯಾಡಿಸಿದ. ಇಲ್ಲ ಎನ್ನಲಿಲ್ಲವಲ್ಲ ಎಂಬ ಅರ್ಥದ ನಿಟ್ಟುಸಿರು. ಮುತ್ತರಾಯಪ್ಪ ಎಲೆ ಮಡಿಸಿದ. ಅರ್ಧದಷ್ಟೂ ಉಂಡಿರಲಿಲ್ಲ.

ಕೈ ತೊಳೆಯಲು ಹಿತ್ತಲಿಗೆ ಹೋದ. ಹುಡುಗಿ ಬೂದಿ ಹಾಕಿ ಪಾತ್ರೆ ಉಜ್ಜುತ್ತಿದ್ದಳು. ಎದ್ದು ಕೈ ಒರೆಸಿಕೊಂಡು, ತೊಟ್ಟಿಯಿಂದ ಕೊಡದಲ್ಲಿ ನೀರು ತೆಗೆದು, ದೂರದಿಂದಲೇ ಅವನ ಕೈಗೆ ಹಾಕಿದಳು. ಗುರುತು ಹಿಡಿದಂತೆ ಕಾಣಲಿಲ್ಲ. ನೀರು ಮುಗಿದರೂ ಕೊಡ ಕೆಳಗಿಡಲಿಲ್ಲ.

"ಮಾವ, ಹಡಗಿನಾಗೆ ಇದ್ದೋರು ನೀವೇ ಅಂತೆ?"

"ಹೂಂ."

"ನಾನು ತಿಂದಿದ್ರೆ ಅವ್ವ ಉಳೀತಿದ್ಲಾ?"

ಅವಳ ಕಣ್ಣಲ್ಲಿ ನೀರಿರಲಿಲ್ಲ. ಹೊಲದ ಅಳತೆ ಕೇಳುವವರಂತೆ, ಗೊತ್ತಿರುವವರು ಸಿಕ್ಕಿದ್ದಾರೆ, ಕೇಳಿಬಿಡೋಣ ಎಂಬಂತೆ ಕೇಳಿದ್ದಳು. ಈ ಪ್ರಶ್ನೆಯನ್ನು ಎಷ್ಟು ವರ್ಷದಿಂದ ಉಜ್ಜಿ ಉಜ್ಜಿ ಇಟ್ಟುಕೊಂಡಿದ್ದಳೋ. ಮುತ್ತರಾಯಪ್ಪ ಒಗೆಯುವ ಕಲ್ಲಿನ ಮೇಲೆ ಕೂತ. ಹೇಳುವುದಿಲ್ಲ ಎಂದೇ ಅಂದುಕೊಂಡ. ಅಂದುಕೊಳ್ಳುತ್ತಿರುವಾಗಲೇ ಹೇಳುತ್ತಿದ್ದ. "ನೀನು ತಿಂದಿದ್ರೆ ನೀನೂ ಸತ್ತೋಗ್ತಿದ್ದೆ ಕಣವ್ವ. ಅದು ಕೊಳೆತ ಮಾಂಸ. ಕಡಲಿಗೆ ಆಕ್ಬೇಕಾದ್ದು. ನಿಮ್ಮವ್ವ ನನ್ನೇ ಕೇಳಿದ್ಲು, ತಿನ್ಬೋದಾ ಅಂತ. ನಂಗೆ ಗೊತ್ತಿತ್ತು. ತಿನ್ನು ಅಂದೆ."

ಹುಡುಗಿ ಅವನನ್ನು ನೋಡಿದಳು. ಕೊಡದ ತಳದಿಂದ ನೀರು ತೊಟ್ಟಿಕ್ಕುತ್ತಿತ್ತು. ಮಡಿಲಲ್ಲಿ ಇಟ್ಟುಕೊಂಡು ಬಂದ ಭಾರವನ್ನು ಎಲ್ಲಿ ಇಳಿಸುವುದೆಂದು ತಿಳಿಯದವಳ ಹಾಗೆ ಒಮ್ಮೆ ಬಾಗಿಲ ಕಡೆ, ಒಮ್ಮೆ ಪಾತ್ರೆಗಳ ಕಡೆ ನೋಡಿ, ಕೊನೆಗೆ ಹೇಳಿದ್ದು ಇಷ್ಟೇ: "ಒಳಗೋಗಿ ಅಪ್ಪಂಗೆ ಹೇಳಿ." ಅದರಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ.

ಅವನು ಒಳಗೆ ಹೋದ. ಮುಂದೆ ನಡೆದುಹೋಗುವ ಹುಡುಗಿಯ ಹಿಂದೆ, ಅವಳೇ ಕೈಹಿಡಿದು ಕರೆದೊಯ್ಯುತ್ತಿದ್ದಾಳೇನೋ ಎಂಬಂತೆ. ಕೂರಲಿಲ್ಲ. ಕಂಬ ಹಿಡಿದು ನಿಂತು, ಯಂತ್ರ ಕೆಟ್ಟದ್ದು, ಅಂಟು ಹಿಡಿದ ಮಾಂಸ, ಹುಳಿ ಕಾರ, ಬಿಳಿ ಕೋಟು, ಹಡಗಿನ ಮಸಾಲೆ ಎಂದದ್ದು, ಎಲ್ಲವನ್ನೂ ಹೇಳಿದ. ಮೂಗು ಹೋಗಿಲ್ಲವೆಂಬುದನ್ನೂ ಹೇಳಿದ. ಅದು ಯಾಕೆ ಬೇಕಿತ್ತೋ. ಹೇಳುವಾಗ ಬಟ್ಲರನ ಹೆಸರು ಎರಡು ಸಲ ಬಾಯಿಗೆ ಬಂತು, ಎರಡು ಸಲವೂ ನುಂಗಿಕೊಂಡ. ನರಸಮ್ಮ ಬಡಿಸುವ ಸೌಟನ್ನು ಹಿಡಿದೇ ಕೂತಿದ್ದಳು. ಕದಿರಪ್ಪ ಎದ್ದು ಹೊಡೆದಾನು ಎಂದು ಮುತ್ತರಾಯಪ್ಪ ಕಾದ. ಹೊಡೆಯಲಿ ಎಂದು ಮೈಯೆಲ್ಲ ಕಾದಿತ್ತು. ಕದಿರಪ್ಪ ಎದ್ದೇಳಲಿಲ್ಲ. ಒಂದೇ ಮಾತು ಕೇಳಿದ.

"ಆವತ್ತು ನೀನು ಏನ್ ತಿಂದೆ?"

ಇದನ್ನು ಮಾತ್ರ ಅವನು ಯಾವತ್ತೂ ನೆನೆಸಿಕೊಂಡಿರಲಿಲ್ಲ. ನೆನಪಿಲ್ಲ ಎನ್ನಬಹುದಿತ್ತು. "ಬ್ರೆಡ್ಡು," ಎಂದ. "ಮೇಲಿನೋರ ಮೇಜಿಂದು. ಒಂದ್ ಸೇಬೂ ಇತ್ತು."

ಕದಿರಪ್ಪ ತಲೆಯಾಡಿಸಿದ. ಇವನ ಕಡೆ ಮತ್ತೆ ತಿರುಗಲಿಲ್ಲ. ಬಾಗಿಲ ಬಳಿ ಗೋಡೆಗೆ ಅಂಟಿ ನಿಂತಿದ್ದ ಹುಡುಗಿಯನ್ನು ನೋಡಿದ, ಎಂಟು ತಿಂಗಳಲ್ಲಿ ಮೊದಲ ಸಲ ನೋಡುವವನಂತೆ, ಹುಬ್ಬಿನಿಂದ ಕಾಲಿನ ತನಕ. "ವರಾ," ಎಂದ. "ಬಾ ಇಲ್ಲಿ. ಉಂಡ್ಯಾ ನೀನು?" ಅವಳು ಇಲ್ಲವೆಂದು ತಲೆಯಲ್ಲಾಡಿಸಿದಳು. ಅವನು ಪಕ್ಕದ ನೆಲವನ್ನು ಅಂಗೈಯಿಂದ ಒರೆಸಿ ಜಾಗ ಮಾಡಿದ. ಯಾರೂ ಮುತ್ತರಾಯಪ್ಪನಿಗೆ ಹೋಗು ಎನ್ನಲಿಲ್ಲ. ಇರು ಎನ್ನಲೂ ಇಲ್ಲ. ಅವನು ಜಗಲಿ ಇಳಿದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ರಸ್ತೆ ದಾಟಿದ.

ಬಸ್ಸು ಬರಲು ಇನ್ನೂ ಒಂದು ಗಂಟೆಯಾದರೂ ಇತ್ತು. ನಡೆದುಬಿಡೋಣವೆಂದರೆ ಕಾಲು ಬರಲಿಲ್ಲ. ನಿಲ್ಲಲು ಆ ಹುಣಸೆಮರ ಬಿಟ್ಟು ಬೇರೆ ನೆರಳಿಲ್ಲ, ಮರದ ಎದುರಿಗೇ ಆ ಮನೆಯ ತೆರೆದ ಬಾಗಿಲು. ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಎಂದು ಅವನು ಎಷ್ಟೋ ಸಲ ಲೆಕ್ಕ ಹಾಕಿದ್ದ. ಹಗುರವೇನೋ ಆಗಿತ್ತು, ಆದರೆ ಖಾಲಿ ಮೂಟೆಯ ಹಗುರ. ಕೊಡವಿದರೆ ಧೂಳು ಏಳುವಂಥದು. ಇಷ್ಟು ವರ್ಷ ಅವನ ಬಳಿ ಒಂದು ಗುಟ್ಟಾದರೂ ಇತ್ತು. ಈಗ ತಾನು ತಿನ್ನು ಎಂಬ ಆ ಮಾತು ಆಡಿದವನು, ಅಷ್ಟೇ.

ಆಗ ಒಳಗಿನಿಂದ ನರಸಮ್ಮನ ದನಿ ಎದ್ದಿತು. ಮೊದಲು ಒಂದು ನರಳಿಕೆ, ಆಮೇಲೆ ಸತ್ತ ಮನೆಯಲ್ಲಿ ಹಾಡಿಕೊಂಡು ಅಳುವ ಉದ್ದನೆಯ ಎಳೆತ. ಅಂಜಮ್ಮಾ, ನನ್ನ ಬಂಗಾರದ ಸೊಸೆಯೇ. ನೀರಿಗೆ ಬಿದ್ದೆಯಾ ತಾಯಿ, ಹಿಡಿ ಮಣ್ಣು ಸಿಗಲಿಲ್ಲವಾ. ಅನ್ನ ಕೇಳಿ ಹೋದೆಯಾ. ಸುದ್ದಿ ಇವತ್ತೇ ಬಂದ ಹಾಗೆ, ಹೆಣ ಇವತ್ತೇ ಮನೆಯೊಳಗೆ ಇಟ್ಟ ಹಾಗೆ ಮುದುಕಿ ಅಳುತ್ತಿದ್ದಳು. ಅಕ್ಕಪಕ್ಕದ ಬಾಗಿಲುಗಳಲ್ಲಿ ಹೆಂಗಸರು ಬಂದು ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ವಲ್ಪ ಹೊತ್ತಿಗೆ ಆ ದನಿಯ ಜೊತೆಗೆ ಇನ್ನೊಂದು ತೆಳುವಾದ ದನಿ ಸೇರಿಕೊಂಡಿತು. ಅಭ್ಯಾಸವಿಲ್ಲದ ದನಿ, ಎಲ್ಲಿ ಏರಬೇಕು ಎಲ್ಲಿ ಇಳಿಯಬೇಕು ಎಂದು ತಿಳಿಯದೆ ತಡವರಿಸುತ್ತಿತ್ತು. ತಾಯಿಗಾಗಿ ಅಳುವುದಕ್ಕೆ ಅವಳಿಗೆ ಈ ತನಕ ಹಕ್ಕೇ ಇರಲಿಲ್ಲ ಎಂಬುದು ಮುತ್ತರಾಯಪ್ಪನಿಗೆ ಆಗ ತಿಳಿಯಿತು. ಅವನು ಮರದ ಬೊಡ್ಡೆಗೆ ಒರಗಿ ಕಿವಿಗೊಟ್ಟು ನಿಂತ. ಹಾಗೆ ಅಳುವಾಗ ಕೊಂದವರ ಹೆಸರು ಹಿಡಿದು ಶಪಿಸುವುದು ಈ ಕಡೆಯ ರೂಢಿ. ಎಲ್ಲರ ಹೆಸರೂ ಬಂತು: ಅಂಜಮ್ಮನ ತವರಿನವರದು, ತೋಟದ್ದು, ಕಡಲಿನದು, ದೇವರದು. ಪ್ರತಿ ಸಲ ಮುದುಕಿ ಉಸಿರು ಎಳೆದುಕೊಂಡಾಗಲೂ ಈಗ ಬರುತ್ತದೆ ಎಂದು ಅವನು ತಲೆ ತಗ್ಗಿಸಿದ. ದೂರದಲ್ಲಿ ಬಸ್ಸಿನ ಹೊಗೆ ಕಾಣಿಸಿಕೊಂಡಿತು. ಅವನ ಹೆಸರು ಬರಲೇ ಇಲ್ಲ.